ಮೂರು ಮನೆ, ಒಂದು ಚಿತ್ರ

ವಿಮರ್ಶೆ ಬರೆಯುವವನು ಚಿತ್ರವನ್ನು ಒಮ್ಮೆ ಸಾವಧಾನವಾಗಿ ನೋಡಿದರೆ ಸಾಕು, ಉಳಿದವರು ಏನೆಂದರೆಂಬುದು ಅವನಿಗೆ ಬೇಡದ ಮಾತು ಎಂದು ನಾನು ಬಹುಕಾಲ ನಂಬಿದ್ದೆ. ಕಳೆದ ವರ್ಷ ಚೌತಿಯ ಹಿಂದುಮುಂದಿನ ದಿನಗಳಲ್ಲಿ ಒಂದೇ ಚಿತ್ರವನ್ನು ಶಿರಸಿಯಲ್ಲೊಮ್ಮೆ, ಸಿದ್ದಾಪುರದ ಕಡೆಯ ಹಳ್ಳಿಮನೆಯಲ್ಲೊಮ್ಮೆ, ಯಲ್ಲಾಪುರದಲ್ಲೊಮ್ಮೆ ನೋಡುವ ಯೋಗ ಒದಗಿ ಬಂದು ಆ ನಂಬಿಕೆ ಸಡಿಲವಾಯಿತು. ಯೋಗ ಎಂಬುದು ಮರ್ಯಾದೆಯ ಮಾತು. ಮೊಮ್ಮಗಳ ಹಟ ಎಂದರೆ ನಿಜಕ್ಕೆ ಹತ್ತಿರ. ಶಾಲೆಗೆ ರಜೆ ಹಾಕಿಸಿಕೊಂಡು ಬೆಂಗಳೂರಿನಿಂದ ಬಂದ ಎಂಟು ವರ್ಷದ ಆ ಹುಡುಗಿಯ ಜೊತೆಗೆ ಅವಳ ಪ್ರೀತಿಯ ಚಿತ್ರವೂ ಲ್ಯಾಪ್‌ಟಾಪಿನಲ್ಲಿ ಕುಳಿತು ಬಂದಿತ್ತು. ನಮ್ಮ ಕಡೆಯ ಮಳೆ, ಗಾಳಿ, ಕರೆಂಟು, ನೆಟ್‌ವರ್ಕುಗಳ ಗುಣವನ್ನು ಅವಳ ಅಪ್ಪ ಚೆನ್ನಾಗಿ ಬಲ್ಲವನು. ಹೋದ ಮನೆಯಲ್ಲೆಲ್ಲ ಅವಳು ಅದನ್ನು ತೋರಿಸಿದಳು. ಅವಳ ಹಿಂದೆ ನಾನೂ ನೋಡಿದೆ.

ಆ ಚಿತ್ರದ ಹೆಸರು ‘ಇನ್‌ಕ್ರೆಡಿಬಲ್ಸ್ ೨’. ಮಕ್ಕಳಿರುವ ಮನೆಯವರಿಗೆ ಪರಿಚಯ ಮಾಡಿಕೊಡಬೇಕಾದ್ದಿಲ್ಲ. ಉಳಿದವರಿಗಾಗಿ ನಾಲ್ಕು ಮಾತು. ಅಮೆರಿಕದ ಪಿಕ್ಸರ್ ಸಂಸ್ಥೆಗಾಗಿ ಬ್ರಾಡ್ ಬರ್ಡ್ ಎಂಬ ನಿರ್ದೇಶಕರು ೨೦೦೪ರಲ್ಲಿ ‘ದಿ ಇನ್‌ಕ್ರೆಡಿಬಲ್ಸ್’ ಎಂಬ ಅನಿಮೇಷನ್ ಚಿತ್ರ ಮಾಡಿದರು. ಅತಿಮಾನುಷ ಶಕ್ತಿಗಳಿರುವ ಒಂದು ಕುಟುಂಬದ ಕಥೆ ಅದು. ತಂದೆ ಬಾಬ್ ಮಹಾಬಲಶಾಲಿ; ತಾಯಿ ಹೆಲೆನ್ ಮೈಯನ್ನು ರಬ್ಬರಿನಂತೆ ಎಳೆದು ಚಾಚಬಲ್ಲವಳು; ಮಗಳು ವಯೊಲೆಟ್ ಕಣ್ಣಿಗೆ ಕಾಣದಂತೆ ಮಾಯವಾಗುವವಳು; ಮಗ ಡ್ಯಾಶ್ ಮಿಂಚಿನಂತೆ ಓಡುವವನು; ಕೈಗೂಸು ಜಾಕ್‌ಜಾಕ್ ಏನೆಂಬುದು ಇನ್ನೂ ಯಾರಿಗೂ ತಿಳಿಯದು. ಇಂಥ ವೀರರ ಕೆಲಸವನ್ನೇ ಸರಕಾರ ಕಾನೂನಿನಿಂದ ನಿಷೇಧಿಸಿದೆ. ಆದ್ದರಿಂದ ಅವರು ಸಾಮಾನ್ಯರ ವೇಷದಲ್ಲಿ ಸಂಸಾರ ಮಾಡಿಕೊಂಡಿದ್ದಾರೆ. ಆ ವರ್ಷದ ಅತ್ಯುತ್ತಮ ಅನಿಮೇಷನ್ ಚಿತ್ರವೆಂದು ಅದಕ್ಕೆ ಆಸ್ಕರ್ ಬಂತು. ಅದರ ಉತ್ತರಭಾಗ ತೆರೆಗೆ ಬಂದದ್ದು ೨೦೧೮ರ ಜೂನ್ ತಿಂಗಳಲ್ಲಿ, ಅಂದರೆ ಹದಿನಾಲ್ಕು ವರ್ಷಗಳ ಮೇಲೆ.

ಹದಿನಾಲ್ಕು ವರ್ಷ ಎಂದೊಡನೆ ನನ್ನ ಹೆಂಡತಿ, “ಹಾಂಗಾರೆ ವನವಾಸ ಮುಗಿಸಿ ಬಂದ” ಎಂದಳು. ಆದರೆ ವನವಾಸದಿಂದ ಬಂದ ರಾಮನಿಗೆ ಹದಿನಾಲ್ಕು ವರ್ಷ ವಯಸ್ಸಾಗಿತ್ತು. ಇವರಿಗೆ ಹದಿನಾಲ್ಕು ನಿಮಿಷವೂ ಆಗಿಲ್ಲ. ಮೊದಲ ಚಿತ್ರ ಎಲ್ಲಿ ನಿಂತಿತೋ ಎರಡನೆಯದು ಅಲ್ಲಿಂದಲೇ ಹೊರಡುತ್ತದೆ. ನೋಡುವವರಿಗೆ ಮಾತ್ರ ವಯಸ್ಸಾಗಿದೆ. ಮೊದಲ ಚಿತ್ರದಲ್ಲಿ ಡ್ಯಾಶನಿಗೆ ದನಿ ಕೊಟ್ಟ ಹುಡುಗ ಅಷ್ಟರಲ್ಲಿ ಬೆಳೆದು ಗಂಡಸಾಗಿದ್ದರಿಂದ ಎರಡನೆಯದಕ್ಕೆ ಬೇರೊಬ್ಬ ಹುಡುಗನನ್ನು ಹುಡುಕಬೇಕಾಯಿತು. ಮೊದಲನೆಯದನ್ನು ಕಾಲೇಜಿನ ದಿನಗಳಲ್ಲಿ ನೋಡಿದ ನನ್ನ ಮಗ ಎರಡನೆಯದನ್ನು ಮಗಳ ಪಕ್ಕದಲ್ಲಿ ಕುಳಿತು ನೋಡಿದ. ಚಿತ್ರದ ಕಾಲ ಸ್ತಬ್ಧವಾಗಿ ಪ್ರೇಕ್ಷಕನ ಕಾಲ ಓಡುವ ಈ ವಿಚಿತ್ರ, ಉತ್ತರಭಾಗಗಳ ಒಂದು ಮುಖ್ಯ ಪ್ರಶ್ನೆ. ಆ ಮಾತಿಗೆ ಮುಂದೆ ಬರುತ್ತೇನೆ.

ಮೊದಲು ಶಿರಸಿಯ ಮನೆ. ನಮಗೆ ಸಿಕ್ಕಿದ್ದು ಹಿಂದಿಯ ಪ್ರತಿ. ಅದರಲ್ಲಿ ತಾಯಿಯ ಮಾತುಗಳನ್ನು ಆಡಿದವರು ನಟಿ ಕಾಜೋಲ್. ಕನ್ನಡಕ್ಕೆ ಡಬ್ಬಿಂಗ್ ಬೇಡವೆಂಬ ಕಟ್ಟು ಅರವತ್ತರ ದಶಕದಿಂದ ನಡೆದು ಬಂದದ್ದು. ಸ್ಪರ್ಧಾ ಆಯೋಗ ೨೦೧೫ರಲ್ಲಿ ತೀರ್ಪು ಕೊಟ್ಟ ಮೇಲೆ ಅದು ಸಡಿಲವಾಯಿತು. ೨೦೨೫ರಲ್ಲಿ ‘ಮಹಾವತಾರ ನರಸಿಂಹ’ ಎಂಬ ಅನಿಮೇಷನ್ ಚಿತ್ರ ಕನ್ನಡದಲ್ಲಿಯೂ ಬಂದು, ಪ್ರಹ್ಲಾದನ ಕಥೆಯನ್ನು ಮಕ್ಕಳು ನಮ್ಮ ಮಾತಿನಲ್ಲಿಯೇ ಕೇಳಿದರು. ಈ ಚಿತ್ರಕ್ಕೆ ನಮ್ಮ ಮನೆಯಲ್ಲಿ ಆ ಅನುಕೂಲವಿರಲಿಲ್ಲ. ನನ್ನ ಹೆಂಡತಿಗೆ ಹಿಂದಿ ಅಷ್ಟಕ್ಕಷ್ಟೇ. ಆದ್ದರಿಂದ ಮೊಮ್ಮಗಳು ಪಕ್ಕದಲ್ಲಿ ಕುಳಿತು, ತೆರೆಯ ಮೇಲಿನವರು ಆಡುವ ಪ್ರತಿಯೊಂದು ಮಾತಿಗೂ ನಮ್ಮ ಮನೆಮಾತಿನಲ್ಲಿ ಅರ್ಥ ಹೇಳುತ್ತ ಹೋದಳು. ತಾಳಮದ್ದಳೆ ಕೇಳಿ ಬೆಳೆದ ನನಗೆ ಅದರಲ್ಲಿ ಚಿತ್ರಕ್ಕಿಂತ ಹೆಚ್ಚಿನ ಸ್ವಾರಸ್ಯ ಕಂಡಿತು. ಹುಡುಗಿ ಇದ್ದುದನ್ನು ಹೇಳುತ್ತಿರಲಿಲ್ಲ, ತನಗೆ ಬೇಕಾದ್ದನ್ನು ಬೆಳೆಸಿ ಹೇಳುತ್ತಿದ್ದಳು. ತಂದೆ ತೆರೆಯ ಮೇಲೆ ಒಂದು ನಿಟ್ಟುಸಿರು ಬಿಟ್ಟರೆ ಇವಳ ಅರ್ಥದಲ್ಲಿ ಅದು ನಾಲ್ಕು ವಾಕ್ಯವಾಗುತ್ತಿತ್ತು.

ಈ ಮನೆಯ ಅಭಿಪ್ರಾಯ ಒಂದೇ ಮಾತಿನದು: ಕೂಸು ಚೆಂದ. ಕಥೆಯ ಸಂವಿಧಾನ ಹೀಗಿದೆ. ವೀರರನ್ನು ಮತ್ತೆ ಕಾನೂನಿನೊಳಗೆ ತರಬೇಕೆಂಬ ಧನಿಕನೊಬ್ಬ, ಜನರ ಮನಸ್ಸನ್ನು ಒಲಿಸಿಕೊಳ್ಳಲು ತಾಯಿ ಹೆಲೆನಳನ್ನು ಆರಿಸುತ್ತಾನೆ. ಅವಳು ಮುಖವಾಡ ತೊಟ್ಟು ಹೊರಗೆ ಹೊರಡುತ್ತಾಳೆ. ತಂದೆ ಬಾಬ್ ಮನೆಯಲ್ಲಿ ಉಳಿದು ಮೂರು ಮಕ್ಕಳನ್ನು ನೋಡಿಕೊಳ್ಳಬೇಕಾಗುತ್ತದೆ. ಆಗ ಕೂಸಿನ ಶಕ್ತಿಗಳು ಒಂದೊಂದಾಗಿ ಹೊರಬೀಳುತ್ತವೆ. ಅದು ಉರಿಯುತ್ತದೆ, ಕಣ್ಣಿನಿಂದ ಬೆಳಕಿನ ಬಾಣ ಬಿಡುತ್ತದೆ, ಒಂದಿದ್ದದ್ದು ಹಲವಾಗುತ್ತದೆ, ಗೋಡೆಯೊಳಗೆ ಹೊಕ್ಕು ಹೊರಡುತ್ತದೆ, ಬೇರೊಂದು ಲೋಕಕ್ಕೇ ಜಾರಿ ಬಿಸ್ಕತ್ತಿನ ಆಸೆಗೆ ಮರಳುತ್ತದೆ. ರಾತ್ರಿ ಅಂಗಳಕ್ಕೆ ಬಂದ ರಕೂನ್ ಎಂಬ ಪ್ರಾಣಿಯೊಡನೆ ಅದು ನಡೆಸುವ ಕಾಳಗವಂತೂ ಮಕ್ಕಳನ್ನು ನೆಲದ ಮೇಲೆ ಉರುಳಾಡಿಸಿತು. ಆ ಪ್ರಾಣಿ ನಮ್ಮ ಕಾಡಿನದಲ್ಲ; ನನ್ನ ಹೆಂಡತಿ ಅದನ್ನು ಕಬ್ಬೆಕ್ಕೆಂದೇ ತೀರ್ಮಾನಿಸಿದಳು, ಕಾಳಗದ ರಸಕ್ಕೆ ಅದರಿಂದ ಕೊರತೆಯಾಗಲಿಲ್ಲ.

ನಗುತ್ತ ಕುಳಿತಿದ್ದ ನನಗೆ ಒಂದು ಸಂಗತಿ ಹೊಳೆಯಿತು. ಈ ಕೂಸನ್ನು ನಮ್ಮವರು ಹೊಸದಾಗಿ ನೋಡುತ್ತಿಲ್ಲ. ತೊಟ್ಟಿಲಲ್ಲಿದ್ದೇ ಪೂತನಿಯನ್ನು ಕೊಂದ ಕೂಸು, ಕಾಲು ಜಾಡಿಸಿ ಬಂಡಿಯನ್ನು ಮುರಿದ ಕೂಸು, ಬಾಯಿ ತೆರೆದು ಬ್ರಹ್ಮಾಂಡ ತೋರಿದ ಕೂಸು ನಮ್ಮಲ್ಲಿ ಪ್ರತಿ ಮನೆಯದೂ ಹೌದು. ಆ ಲೀಲೆಗಳ ರಸವಿರುವುದು ಕೂಸಿನ ಶಕ್ತಿಯಲ್ಲಲ್ಲ. ಆ ಶಕ್ತಿಯನ್ನು ಕಂಡೂ ಕಾಣದೆ, ಕಂಡದ್ದನ್ನು ಮರೆತು ಮತ್ತೆ ಮೂಗು ಒರೆಸುವ ಯಶೋದೆಯಲ್ಲಿ. ಬ್ರಾಡ್ ಬರ್ಡ್ ಅವರು ಭಾಗವತ ಓದಿದ್ದಾರೆಂದು ನಾನು ಹೇಳುವುದಿಲ್ಲ. ಆದರೆ ಅವರ ಕೈಯಲ್ಲಿ ಯಶೋದೆಯ ಪಾತ್ರ ಗಂಡಸಿಗೆ ಬಂದಿದೆ. ಕಟ್ಟಡಗಳನ್ನು ಎತ್ತಿ ಎಸೆಯಬಲ್ಲ ಭೀಮಕಾಯನೊಬ್ಬ ಮೂರು ರಾತ್ರಿ ನಿದ್ದೆಯಿಲ್ಲದೆ, ಗಡ್ಡ ಬೆಳೆಸಿಕೊಂಡು, ಕಣ್ಣು ಕೆಂಪಾಗಿ, ತೊಟ್ಟಿಲ ಮುಂದೆ ಸೋತು ಕುಳಿತಿರುವ ಚಿತ್ರ ಈ ಕೃತಿಯ ಶ್ರೇಷ್ಠ ಕಲ್ಪನೆ. ನಗು ಹುಟ್ಟುವುದು ಅಲ್ಲಿ.

ಚಿತ್ರ ಮುಗಿದಾಗ ನನ್ನ ಹೆಂಡತಿ ಒಂದು ಪ್ರಶ್ನೆ ಕೇಳಿದಳು. “ಅದೆಲ್ಲ ಸರಿ. ಮಾರನೇ ದಿನ ಆಸ್ರಿಗೆ ಮಾಡಿದ್ದು ಯಾರು?” ನಾನು ನಕ್ಕು ಸುಮ್ಮನಾದೆ. ವಿಮರ್ಶಕನ ಕಿವಿಗೆ ಅದು ಪ್ರಶ್ನೆಯಾಗಿ ಕೇಳಿಸಲಿಲ್ಲ.

ಎರಡನೆಯದು ಸಿದ್ದಾಪುರದ ಕಡೆ, ಅಕ್ಕನ ಮನೆ. ಅಂದು ಅಲ್ಲಿ ಚಕ್ಕುಲಿ ಕಂಬಳ. ಇದು ನಮ್ಮ ಸೀಮೆಯ ಪದ್ಧತಿ. ಬಯಲುಸೀಮೆಯ ವಾಚಕರಿಗಾಗಿ ಹೇಳಬೇಕು. ಚೌತಿಗೆ ಮುಂಚೆ ಊರಿನ ಗಂಡಸರು ಒಂದು ಮನೆಯಲ್ಲಿ ಸೇರಿ, ಸಾಲಾಗಿ ಕುಳಿತು, ಅಚ್ಚಿನ ಸಹಾಯವಿಲ್ಲದೆ ಬೆರಳಿನಲ್ಲಿಯೇ ಹಿಟ್ಟನ್ನು ಹುರಿ ಮಾಡಿ ಚಕ್ಕುಲಿ ಸುತ್ತುತ್ತಾರೆ. ಒಬ್ಬರ ಸುತ್ತು ಇನ್ನೊಬ್ಬರದಕ್ಕಿಂತ ಸಣ್ಣ, ಒಬ್ಬರ ಮುಳ್ಳು ಇನ್ನೊಬ್ಬರದಕ್ಕಿಂತ ಚೂಪು ಎಂದು ಪೈಪೋಟಿ ನಡೆಯುತ್ತದೆ. ಜೊತೆಗೆ ಹಾಸ್ಯ, ಪದ, ಊರಿನ ಸುದ್ದಿ. ಆ ಸಂಜೆ ಎಣ್ಣೆಯ ಪರಿಮಳ ಇನ್ನೂ ಆರದ ಜಗುಲಿಯಲ್ಲಿ ಹತ್ತಿಪ್ಪತ್ತು ಜನರ ನಡುವೆ ಲ್ಯಾಪ್‌ಟಾಪು ತೆರೆಯಿತು. ಅರ್ಧ ಚಿತ್ರಕ್ಕೆ ಕರೆಂಟು ಹೋದರೂ ಬ್ಯಾಟರಿಯ ಬಲದಿಂದ ಕಥೆ ನಿಲ್ಲಲಿಲ್ಲ. ಸುತ್ತಲಿನ ಕತ್ತಲೆಯಿಂದ ತೆರೆಯ ಬೆಳಕಿಗೆ ಶೋಭೆಯೇ ಹೆಚ್ಚಿತು.

ನಮ್ಮ ಭಾವ ಹವ್ಯಾಸಿ ಅರ್ಥಧಾರಿ. ಕೂಸಿನ ಆಟಕ್ಕೆ ಅವರು ಮುಗುಳ್ನಕ್ಕರಷ್ಟೆ. ಅವರ ಕಣ್ಣೆಲ್ಲ ಪ್ರತಿನಾಯಕನ ಮೇಲೆ. ಈ ಚಿತ್ರದ ಖಳ ಸ್ಕ್ರೀನ್‌ಸ್ಲೇವರ್ ಎಂಬ ಮುಖವಾಡದ ವ್ಯಕ್ತಿ. ದೂರದರ್ಶನದ ತೆರೆ, ಕನ್ನಡಕದ ತೆರೆ, ಎಲ್ಲಿ ತೆರೆಯಿದೆಯೋ ಅಲ್ಲಿಂದ ಜನರನ್ನು ಮರುಳು ಮಾಡಿ ತನಗೆ ಬೇಕಾದಂತೆ ನಡೆಸುವುದು ಆ ಖಳನ ವಿದ್ಯೆ. ಜನ ಬದುಕುವುದನ್ನು ಬಿಟ್ಟು ಬದುಕನ್ನು ತೆರೆಯ ಮೇಲೆ ನೋಡುತ್ತ ಕುಳಿತಿದ್ದಾರೆ, ತಮ್ಮ ಕಷ್ಟವನ್ನು ತಾವು ಪರಿಹರಿಸಿಕೊಳ್ಳದೆ ವೀರರು ಬರಲೆಂದು ಕಾಯುತ್ತಾರೆ ಎಂಬುದು ಆ ಖಳನ ಆಕ್ಷೇಪ. ಲ್ಯಾಪ್‌ಟಾಪಿನ ಸುತ್ತ ಬಾಯಿ ತೆರೆದು ಕುಳಿತ ನಮ್ಮನ್ನೇ ಕುರಿತು ಹೇಳಿದಂತಿದ್ದ ಆ ಮಾತಿಗೆ ಜಗುಲಿಯಲ್ಲಿ ಒಂದು ಕ್ಷಣ ಮೌನ ಬಂತು. ಆಮೇಲೆ ಯಾರೋ ಚಕ್ಕುಲಿ ಮುರಿದ ಸದ್ದು ಕೇಳಿಸಿತು.

ಮುಖವಾಡದ ಹಿಂದಿರುವವಳು ಆ ಧನಿಕನ ಒಡಹುಟ್ಟಿದವಳೇ ಆದ ಇವೆಲಿನ್ ಎಂಬುದು ಕೊನೆಗೆ ತಿಳಿಯುತ್ತದೆ. ಕೊನೆಗೆ ಎಂದೆ, ನಮ್ಮ ಭಾವ ಅವಳು ಎರಡನೆಯ ಸಲ ಬಾಯಿ ತೆರೆದಾಗಲೇ “ಇದೇ” ಎಂದು ಬೆರಳು ತೋರಿಸಿದ್ದರು. ಚಿತ್ರ ಬಂದ ಕಾಲದಿಂದಲೂ ಬಹಳ ಮಂದಿ ಹೇಳಿದ ದೋಷವೂ ಇದೇ: ಗುಟ್ಟು ಬೇಗ ಬಯಲಾಗುತ್ತದೆ. ಆದರೆ ಭಾವನವರಿಗೆ ಅದು ದೋಷವಾಗಿ ಕಾಣಲಿಲ್ಲ. ಕೀಚಕ ಯಾರು, ಭಸ್ಮಾಸುರ ಏನಾಗುತ್ತಾನೆ ಎಂಬುದು ನಮ್ಮ ಪ್ರೇಕ್ಷಕನಿಗೆ ಚೌಕಿಯಲ್ಲಿ ಬಣ್ಣ ಹಚ್ಚುವ ಮೊದಲೇ ಗೊತ್ತು. ಗೊತ್ತಿದ್ದೂ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಆ ಪಾತ್ರಗಳಿಗಾಗಿ ಜನ ಗದ್ದೆ ಬಯಲಿನಲ್ಲಿ ಬೆಳಗಿನವರೆಗೆ ಕುಳಿತರು. ಗುಟ್ಟು ಮುಖ್ಯವಲ್ಲ, ಗುಟ್ಟು ತಿಳಿದ ಮೇಲೆ ಖಳನಿಗೆ ಹೇಳಲು ಏನಿದೆ ಎಂಬುದು ಮುಖ್ಯ.

ಭಾವನವರ ನಿಜವಾದ ಆಕ್ಷೇಪ ಬೇರೆ. ಅಣ್ಣತಂಗಿ ಎನ್ನಿ, ಅಕ್ಕತಮ್ಮ ಎನ್ನಿ, ಇವರಿಬ್ಬರ ತಂದೆ ವೀರರ ಮಹಾಭಕ್ತ. ಕಳ್ಳರು ಮನೆಗೆ ನುಗ್ಗಿದ ರಾತ್ರಿ ಆತ ಭದ್ರವಾದ ಕೋಣೆಗೆ ಓಡುವುದನ್ನು ಬಿಟ್ಟು ವೀರರಿಗೆ ಫೋನು ಮಾಡುತ್ತ ನಿಂತ. ಅಷ್ಟರಲ್ಲಿ ವೀರರನ್ನು ಸರಕಾರ ನಿಷೇಧಿಸಿದ್ದರಿಂದ ಯಾರೂ ಬರಲಿಲ್ಲ. ಆತ ಗುಂಡಿಗೆ ಬಲಿಯಾದ. ನಿಷೇಧವಿಲ್ಲದಿದ್ದರೆ ತಂದೆ ಬದುಕುತ್ತಿದ್ದ ಎಂದು ಮಗ ತಿಳಿದ; ವೀರರನ್ನು ನೆಚ್ಚದಿದ್ದರೆ ಬದುಕುತ್ತಿದ್ದ ಎಂದು ಮಗಳು ತಿಳಿದಳು. “ಒಂದೇ ಸಾವು,” ಎಂದರು ಭಾವ, “ಮಗ ಒಂದರ್ಥ ಹೇಳ್ತ, ಮಗಳು ಒಂದರ್ಥ ಹೇಳ್ತು. ಎದುರಾಎದುರು ಕೂರಿಸಿದ್ರೆ ಬೆಳಗಾಗ್ತಿತ್ತು. ಕೂರಿಸಿದ್ವೇ ಇಲ್ಲೆ!”

ಇದು ನನಗೆ ತುಂಬ ಮೌಲಿಕವಾದ ಟೀಕೆಯೆನಿಸಿತು. ಕೃಷ್ಣಸಂಧಾನದಲ್ಲಿ ಕೌರವನಿಗೆ ತನ್ನ ಪಕ್ಷವನ್ನು ಪೂರ್ತಿ ಹೇಳುವ ಅವಕಾಶವಿದೆ. ಅವನು ಹೇಳಿ ಸೋತರೆ ಮಾತ್ರ ಕೃಷ್ಣ ಗೆದ್ದಂತೆ. ಈ ಚಿತ್ರದಲ್ಲಿ ಇವೆಲಿನಳ ವಾದಕ್ಕೆ ಯಾರೂ ಉತ್ತರ ಕೊಡುವುದಿಲ್ಲ. ಅವಳನ್ನು ಬೆನ್ನಟ್ಟಿ ಹಿಡಿಯುತ್ತಾರೆ, ಅಷ್ಟೆ. ಹಿಡಿಯುವ ಆ ಪ್ರಸಂಗ ಅದ್ಭುತವಾಗಿದೆ, ಒಪ್ಪೋಣ. ಹೆಲೆನ್ ಮೋಟಾರುಸೈಕಲ್ಲಿನ ಮೇಲೆ ಓಡುವ ರೈಲನ್ನು ಬೆನ್ನಟ್ಟುವ ದೃಶ್ಯದಲ್ಲಿ, ಯಾವುದು ಎಲ್ಲಿದೆ, ಯಾರು ಎತ್ತ ಹೋಗುತ್ತಿದ್ದಾರೆ ಎಂಬುದು ಒಂದು ಕ್ಷಣವೂ ಗೊಂದಲವಾಗದು. ವೇಗವಿದ್ದೂ ಸ್ಪಷ್ಟತೆ ಕೆಡದಿರುವುದು ಇಂದಿನ ಸಾಹಸಚಿತ್ರಗಳಲ್ಲಿ ಅಪರೂಪದ ಗುಣ. ಆದರೂ ಮಾತಿಗೆ ಮಾತು ಸಲ್ಲಬೇಕಾದ ಕಡೆ ಓಟ ಸಂದರೆ ಸಾಲ ತೀರಿದಂತಾಗುವುದಿಲ್ಲ. ಭಾವನವರ ತೀರ್ಪು: ವೇಷ ಬಂತು, ಅರ್ಥ ಬರಲಿಲ್ಲ.

ಮೂರನೆಯ ಮನೆ ಯಲ್ಲಾಪುರದ ನನ್ನ ಹಳೆಯ ಸಹೋದ್ಯೋಗಿಯೊಬ್ಬರದು. ಅವರ ಸೊಸೆ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಾರೆ. ಬೆಳಗಿನ ಅಡಿಗೆ ಮುಗಿಸಿ ಬಸ್ಸು ಹಿಡಿದು ಹೋಗಿ, ಸಂಜೆ ಬಸ್ಸು ಹಿಡಿದು ಬಂದು, ಉತ್ತರಪತ್ರಿಕೆಗಳ ಕಟ್ಟಿನೊಡನೆ ಮತ್ತೆ ಒಲೆಯ ಮುಂದೆ ನಿಲ್ಲುವವರು. ಅಂದು ರವಿವಾರ, ಮಳೆಗೆ ಹೊರಗೆ ಕಾಲಿಡುವಂತಿರಲಿಲ್ಲ. ಚಿತ್ರ ನೋಡುವಾಗ ಅವರ ಕೈ ಸುಮ್ಮನಿರದೆ ಬೀನ್ಸಿನ ನಾರು ತೆಗೆಯುತ್ತಿತ್ತು.

ಡ್ಯಾಶನ ಗಣಿತದ ಮನೆಪಾಠದ ದೃಶ್ಯ ಬಂದಾಗ ಆ ಕೈ ನಿಂತಿತು. ತಂದೆ ತಾನು ಕಲಿತ ಕ್ರಮದಲ್ಲಿ ಹೇಳಿಕೊಡಲು ಹೋಗುತ್ತಾನೆ; ಪುಸ್ತಕದಲ್ಲಿರುವ ಕ್ರಮವೇ ಬೇರೆ; ಗಣಿತವನ್ನೂ ಬದಲಾಯಿಸುವುದುಂಟೇ ಎಂದು ಸಿಡಿಮಿಡಿಗೊಳ್ಳುತ್ತಾನೆ. ಚಿತ್ರದ ಮನೆ, ಕಾರು, ಉಡುಪುಗಳೆಲ್ಲ ಅರವತ್ತರ ದಶಕದ ಮಾದರಿಯವು. ಸೋವಿಯತ್ ದೇಶ ೧೯೫೭ರಲ್ಲಿ ಸ್ಪುಟ್ನಿಕ್ ಹಾರಿಸಿದ ಮೇಲೆ ಅಮೆರಿಕದ ಶಾಲೆಗಳಿಗೆ ‘ಹೊಸ ಗಣಿತ’ ಬಂದು ಅಲ್ಲಿನ ತಾಯಿತಂದೆಗಳು ತಬ್ಬಿಬ್ಬಾದದ್ದು ಚರಿತ್ರೆ. ಅದನ್ನು ನಾನು ವಿವರಿಸತೊಡಗಿದೆ. ಆಕೆ ಕೇಳಿಸಿಕೊಂಡು, “ಅದಲ್ಲ ಸರ್,” ಎಂದರು, “ರಾತ್ರಿ ಎಲ್ಲರೂ ಮಲಗಿದ ಮೇಲೆ ಅವನು ಎದ್ದು ಕೂತು ಆ ಪುಸ್ತಕ ಓದಿ ಕಲೀತಾನೆ ನೋಡಿ, ಬೆಳಗಿಗೆ ಮಗನ್ನ ಎಬ್ಬಿಸಿ ಹೇಳಿಕೊಡ್ತಾನೆ. ನನಗೆ ಈ ಸಿನೆಮಾದಲ್ಲಿ ಅವನು ವೀರ ಅಂತ ಕಂಡದ್ದು ಅಲ್ಲಿ ಮಾತ್ರ. ಪಾಲಕರ ಸಭೆ ಕರೆದರೆ ನಮ್ಮಲ್ಲಿ ಬರೋರು ತಾಯಂದಿರೇ.”

ಆಕೆ ಇನ್ನೊಂದು ಮಾತು ಹೇಳಿದರು. ಧನಿಕ ಹೆಲೆನಳನ್ನು ಆರಿಸಿದ್ದು ಅವಳು ಹೆಚ್ಚು ಸಮರ್ಥಳೆಂದಲ್ಲ, ಅವಳು ಕೆಲಸ ಮಾಡಿದ ಕಡೆ ಆಸ್ತಿಪಾಸ್ತಿ ಕಡಿಮೆ ಹಾನಿಯಾಗಿದೆ ಎಂಬ ಲೆಕ್ಕದ ಮೇಲೆ. “ನಮ್ಮನ್ನೂ ಹಾಗೇ ಸರ್. ನೌಕರಿಗೆ ಹೋಗು ಅಂತಾರೆ; ಮನೆಗೆ ಹಾನಿ ಆಗದ ಹಾಗೆ ಹೋಗು ಅಂತಾರೆ.” ಹೆಲೆನ್ ಹೊರಗೆ ಎತ್ತರದ ಮಾಳಿಗೆಯ ಮೇಲೆ ಅಪರಾಧಕ್ಕಾಗಿ ಹೊಂಚಿ ಕುಳಿತಿರುವಾಗ ಮಗ ಫೋನು ಮಾಡಿ ತನ್ನ ಬೂಟು ಎಲ್ಲಿದೆಯೆಂದು ಕೇಳುತ್ತಾನೆ, ಅವಳು ಮಂಚದ ಕೆಳಗಿದೆಯೆಂದು ಹೇಳುತ್ತಾಳೆ. ಶಿರಸಿಯಲ್ಲಿ ಎಲ್ಲರೂ ನಕ್ಕ ದೃಶ್ಯ ಅದು. ಸಿದ್ದಾಪುರದಲ್ಲಿ ಯಾರೂ ಗಮನಿಸಲಿಲ್ಲ. ಯಲ್ಲಾಪುರದಲ್ಲಿ ಆಕೆಗೆ ನಗು ಬರಲಿಲ್ಲ. ತೆರೆಯ ಮೇಲಿನ ಬಿಂಬ ಒಂದೇ. ನೋಡುವವರು ಎಲ್ಲಿ ಕುಳಿತಿದ್ದಾರೆ ಎಂಬುದರ ಮೇಲೆ ಅದು ಹಾಸ್ಯವೋ, ಶೂನ್ಯವೋ, ದಿನಚರಿಯೋ ಆಗುತ್ತದೆ.

ಈ ಮೂರು ಮನೆಗಳ ಅಭಿಪ್ರಾಯಗಳನ್ನು ಕಟ್ಟಿಕೊಂಡು ಶಿರಸಿಗೆ ಮರಳಿದಾಗ, ಹೆಂಡತಿ ಕೇಳಿದ್ದ ಪ್ರಶ್ನೆ ಬಸ್ಸಿನಲ್ಲಿಯೇ ನನಗೆ ನೆನಪಾಯಿತು. ಮಾರನೆಯ ದಿನ ತಿಂಡಿ ಮಾಡಿದವರು ಯಾರು? ಚಿತ್ರದ ಕಟ್ಟಿನ ಮುಖ್ಯ ದೋಷ ಈ ಪ್ರಶ್ನೆಯಲ್ಲಿಯೇ ಇದೆ ಎಂದು ಈಗ ನನಗೆ ಅನಿಸುತ್ತದೆ.

ಉತ್ತರಭಾಗ ಎಂದರೇನು? ನಮ್ಮ ಪರಂಪರೆಗೆ ಇದು ಹೊಸ ಪ್ರಶ್ನೆಯಲ್ಲ. ಎಂಟನೆಯ ಶತಮಾನದ ಭವಭೂತಿ ಮೊದಲು ‘ಮಹಾವೀರಚರಿತ’ ಬರೆದ, ಅನಂತರ ‘ಉತ್ತರರಾಮಚರಿತ’ ಬರೆದ. ಮೊದಲನೆಯದು ಹೆಸರೇ ಹೇಳುವಂತೆ ಮಹಾವೀರನ ಕಥೆ, ಬಿಲ್ಲು ಬಾಣಗಳ ಕಥೆ. ಎರಡನೆಯದು ಅದೇ ಮಹಾವೀರನ ಸಂಸಾರದ ಕಥೆ. ಅದರ ಮೊದಲ ಅಂಕದಲ್ಲಿ ರಾಮ, ಸೀತೆ, ಲಕ್ಷ್ಮಣರು ತಮ್ಮದೇ ಪೂರ್ವಕಥೆಯನ್ನು ಬಿಡಿಸಿದ ಚಿತ್ರಗಳನ್ನು ನೋಡುತ್ತಾರೆ. ಶೂರ್ಪನಖಿಯ ಚಿತ್ರ ಕಂಡು ಸೀತೆ ನಿಜವೆಂದೇ ಹೆದರುತ್ತಾಳೆ. ಇದು ಬರಿಯ ಚಿತ್ರವೆಂದು ರಾಮ ಅವಳನ್ನು ಸಂತೈಸುತ್ತಾನೆ. ಚಿತ್ರ ನೋಡುವವರ ಅಭಿಪ್ರಾಯಗಳನ್ನು ಕುರಿತು ಬರೆದ ಇದಕ್ಕಿಂತ ಸೂಕ್ಷ್ಮವಾದ ಪ್ರಸಂಗ ನನಗೆ ತಿಳಿಯದು. ಸಂತೈಸಿದ ಅದೇ ರಾಮ ಅದೇ ಅಂಕದಲ್ಲಿ ಅವಳನ್ನು ಕಾಡಿಗೆ ಕಳಿಸುತ್ತಾನೆ. ಆಮೇಲೆ ಹನ್ನೆರಡು ವರ್ಷ ಉರುಳುತ್ತವೆ. ಮಕ್ಕಳು ತಂದೆಯಿಲ್ಲದೆ ಬೆಳೆಯುತ್ತಾರೆ. ಮಹಾವೀರನಾಗಿದ್ದರ ಬೆಲೆಯನ್ನು ರಾಮ ಅಳುತ್ತ ತೆರುತ್ತಾನೆ.

ಪೂರ್ವಭಾಗ ಮಾಡಿದ ಸಾಲವನ್ನು ತೀರಿಸುವುದೇ ಉತ್ತರಭಾಗದ ಧರ್ಮ. ನಮ್ಮ ಯಕ್ಷಗಾನದ ಲವಕುಶ ಪ್ರಸಂಗವಾಗಲಿ, ಬಭ್ರುವಾಹನ ಕಾಳಗವಾಗಲಿ ನಿಂತಿರುವುದು ಇದರ ಮೇಲೆ. ಯುದ್ಧಕ್ಕೆ ಹೋದ ತಂದೆಗೆ ಮನೆಯಲ್ಲಿ ಬೆಳೆದ ಮಗ ಎದುರಾಗುತ್ತಾನೆ, ಲೆಕ್ಕ ಕೇಳುತ್ತಾನೆ. ‘ಇನ್‌ಕ್ರೆಡಿಬಲ್ಸ್ ೨’ ಈ ಧರ್ಮವನ್ನು ಅರ್ಧದವರೆಗೆ ಚೆನ್ನಾಗಿ ನಡೆಸುತ್ತದೆ. ಮೊದಲ ಚಿತ್ರದಲ್ಲಿ ಬಾಬ್ ಹೆಂಡತಿಗೆ ತಿಳಿಸದೆ ಸಾಹಸಕ್ಕೆ ಹೋಗಿದ್ದ. ಮನೆಯನ್ನು ಹೊತ್ತವಳು ಹೆಲೆನ್. ಎರಡನೆಯದರಲ್ಲಿ ಸರದಿ ಬದಲಾಗಿದೆ, ಹೊರೆ ಅವನ ಹೆಗಲಿಗೆ ಬಂದಿದೆ. ಅವನು ಮೊದಲು ಸೋಲುತ್ತಾನೆ, ಹೊಟ್ಟೆಕಿಚ್ಚು ಪಡುತ್ತಾನೆ, ಮಗಳ ಸ್ನೇಹದ ವಿಷಯದಲ್ಲಿ ಎಡವಟ್ಟು ಮಾಡಿ ಅವಳ ಕ್ಷಮೆ ಕೇಳುತ್ತಾನೆ, ನಿಧಾನವಾಗಿ ಕಲಿಯುತ್ತಾನೆ. ಲೆಕ್ಕ ತೀರುತ್ತಿದೆ ಎಂದು ನಾವು ನೆಮ್ಮದಿಯಿಂದ ಕುಳಿತಿರುವಾಗ, ಕೊನೆಯ ಭಾಗದಲ್ಲಿ ಎಲ್ಲರೂ ಮುಖವಾಡ ತೊಟ್ಟು ಹಡಗಿನ ಮೇಲೆ ಕಾದಾಡಲು ಹೊರಟುಬಿಡುತ್ತಾರೆ. ಅವನು ಕಲಿತದ್ದು ಯಾವ ಕೆಲಸಕ್ಕೂ ಬರುವುದಿಲ್ಲ. ಕಾನೂನು ಮರಳುತ್ತದೆ, ಜಯಘೋಷವಾಗುತ್ತದೆ, ಕೊನೆಯ ದೃಶ್ಯದಲ್ಲಿ ಇಡೀ ಕುಟುಂಬ ಕಾರಿನಲ್ಲಿ ಇನ್ನೊಬ್ಬ ಅಪರಾಧಿಯನ್ನು ಬೆನ್ನಟ್ಟುತ್ತದೆ. ಅಡಿಗೆಮನೆಯಲ್ಲಿ ಯಾರೂ ಇಲ್ಲ. ಬಾಬನ ಆ ಕೆಲವು ದಿನಗಳು ಅವನ ಬದುಕನ್ನು ಬದಲಿಸಿದವೋ, ಅಥವಾ ಒಂದು ಕಂಬಳವಾಗಿದ್ದವೋ? ಚಿತ್ರ ಹೇಳುವುದಿಲ್ಲ.

ಕಂಬಳದ ಮಾತು ಬೇಕೆಂದೇ ಆಡಿದೆ. ಸಿದ್ದಾಪುರದ ಆ ಸಂಜೆ ನಾನೂ ಕುಳಿತು ಹನ್ನೆರಡು ಚಕ್ಕುಲಿ ಸುತ್ತಿದ್ದೆ. ಅಳಿಯ ಫೋಟೋ ತೆಗೆದ. ಎಲ್ಲರೂ ಭೇಷ್ ಎಂದರು. ಹಿಂದಿನ ದಿನ ಅಕ್ಕಿ ತೊಳೆದು ಹುರಿದು ಹಿಟ್ಟು ಮಾಡಿಸಿದವಳು ಅಕ್ಕ. ಅಂದು ಹಿಟ್ಟನ್ನು ಹದವಾಗಿ ಕಲಸಿಕೊಟ್ಟವಳೂ ಅವಳೇ. ಮಾರನೆಯ ದಿನ ಎಣ್ಣೆಯ ಬಾಣಲೆ ತಿಕ್ಕಿದವಳೂ ಅವಳೇ. ಅವಳ ಫೋಟೋ ಯಾರೂ ತೆಗೆಯಲಿಲ್ಲ. ನನಗೂ ಆಗ ಹೊಳೆಯಲಿಲ್ಲ. ಮೂವತ್ತು ವರ್ಷ ಅಧ್ಯಾಪಕನಾಗಿ, ವಾರಕ್ಕೊಂದು ತಾಳಮದ್ದಳೆಗೆಂದು ರಾತ್ರಿಯಿಡೀ ಊರೂರು ತಿರುಗಿ, ಬೆಳಿಗ್ಗೆ ಬಂದು ತಿಂಡಿಗೆ ಕುಳಿತವನು ನಾನು. ಯಾವ ರಾತ್ರಿ ಮಕ್ಕಳಿಗೆ ಜ್ವರ ಬಂದಿತ್ತೆಂಬುದು ತಿಂಡಿಯ ಹೊತ್ತಿಗೆ ನನಗೆ ಸುದ್ದಿಯಾಗಿ ತಿಳಿಯುತ್ತಿತ್ತು. ಹೆಂಡತಿಯ ಪ್ರಶ್ನೆ ಚಿತ್ರವನ್ನು ಕುರಿತದ್ದೆಂದು ತಿಳಿದು ನಾನು ನಕ್ಕದ್ದು, ವಿಮರ್ಶಕನಾಗಿಯೂ ತಪ್ಪು, ಗಂಡನಾಗಿಯೂ ತಪ್ಪು.

ಪ್ರೇಕ್ಷಕರ ಅಭಿಪ್ರಾಯವೆಂದರೆ ಈಗ ನಕ್ಷತ್ರಗಳ ಲೆಕ್ಕ, ಗಳಿಕೆಯ ಲೆಕ್ಕ. ಈ ಚಿತ್ರ ಪ್ರಪಂಚದಾದ್ಯಂತ ನೂರಿಪ್ಪತ್ತು ಕೋಟಿ ಡಾಲರಿಗೂ ಮಿಕ್ಕ ಹಣ ಗಳಿಸಿತು. ಅಷ್ಟು ಜನ ನೋಡಿದರು ಎಂಬುದನ್ನು ಅದು ಹೇಳುತ್ತದೆ. ಏನು ನೋಡಿದರು ಎಂಬುದನ್ನು ಹೇಳುವುದಿಲ್ಲ. ಸಿದ್ದಾಪುರದ ಗಡಿಯಾಚೆ, ಸಾಗರ ತಾಲೂಕಿನ ಹೆಗ್ಗೋಡಿನಲ್ಲಿ, ಕೆ. ವಿ. ಸುಬ್ಬಣ್ಣನವರು ನೀನಾಸಂ ಮೂಲಕ ಅಡಿಕೆ ಬೆಳೆಯುವ ಹಳ್ಳಿಯವರಿಗೆ ಪ್ರಪಂಚದ ಶ್ರೇಷ್ಠ ಚಿತ್ರಗಳನ್ನು ತೋರಿಸಿ, ಅವುಗಳ ಮೇಲೆ ಅವರು ಮಾತಾಡುವಂತೆ ಮಾಡಿದರು. ೧೯೯೧ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ಹೊರಗಿನವರು ಬೆರಗಾದರು. ಇದರಲ್ಲಿ ಬೆರಗೇನೂ ಇರಬೇಕಾಗಿರಲಿಲ್ಲ. ರಾತ್ರಿಯಿಡೀ ಆಟ ನೋಡಿ, ಬೆಳಗಾದ ಮೇಲೆ ತೋಟದ ದಾರಿಯಲ್ಲಿ ಅದರ ಗುಣದೋಷ ಆಡಿಕೊಳ್ಳುವವರ ನಾಡು ಇದು. ಅವರಿಗೆ ಬೇಕಾದ್ದು ತಮ್ಮ ಮಾತನ್ನು ಕೇಳುವ ಕಿವಿ.

ಹಾಗಾದರೆ ಚಿತ್ರ ಹೇಗಿದೆ? ವಾಚಕರು ಕೇಳಿಯಾರು. ಮಕ್ಕಳೊಡನೆ ಅವಶ್ಯವಾಗಿ ನೋಡಬಹುದಾದ ಚಿತ್ರ. ಅದರ ಹಾಸ್ಯ ನಿರ್ಮಲ, ಅದರ ಸಾಹಸ ಸ್ಪಷ್ಟ, ಅದರ ಮೊದಲರ್ಧದಲ್ಲಿ ಸಂಸಾರವನ್ನು ಕುರಿತು ನಿಜವಾದ ತಿಳಿವಿದೆ. ಒಂದೇ ಎಚ್ಚರಿಕೆ: ಖಳನ ಮಾಯೆಯ ದೃಶ್ಯಗಳಲ್ಲಿ ಬೆಳಕು ಬಹಳ ಮಿಣುಕುತ್ತದೆ, ಅಪಸ್ಮಾರದ ತೊಂದರೆಯಿರುವವರು ಜಾಗ್ರತೆಯಾಗಿರಬೇಕೆಂದು ಚಿತ್ರ ಬಿಡುಗಡೆಯಾದ ಕಾಲದಲ್ಲಿಯೇ ಚಿತ್ರಮಂದಿರಗಳಲ್ಲಿ ಸೂಚನೆ ಹಾಕಿದ್ದರು. ಮೊದಲ ಚಿತ್ರದಷ್ಟು ಬಿಗಿ ಇದಕ್ಕಿಲ್ಲ. ಏಕೆಂದರೆ ತಾನೇ ಎತ್ತಿದ ಎರಡು ಪ್ರಶ್ನೆಗಳಿಗೆ, ಇವೆಲಿನಳದಕ್ಕೂ ಅಡಿಗೆಮನೆಯದಕ್ಕೂ, ಇದು ಓಡಿ ತಪ್ಪಿಸಿಕೊಳ್ಳುತ್ತದೆ.

ಮೂರನೆಯ ಭಾಗ ಮಾಡುವುದಾಗಿ ೨೦೨೪ರಲ್ಲಿ ಘೋಷಣೆಯಾಗಿದೆ. ಈ ಲೇಖನದ ಕರಡನ್ನು ಹೆಂಡತಿಗೆ ಓದಿ ಹೇಳಿದೆ. ಭವಭೂತಿಯ ಭಾಗಕ್ಕೆ ತಲೆದೂಗಿದಳು. ತನ್ನ ಪ್ರಶ್ನೆ ಬಂದಲ್ಲಿ ಏನೂ ಹೇಳಲಿಲ್ಲ. ಒಟ್ಟಿನಲ್ಲಿ ಚಿತ್ರದ ಮೇಲೆ ನಿನ್ನ ಅಭಿಪ್ರಾಯವೇನು ಎಂದು ಕೇಳಿದೆ.

“ನೋಡಲಕ್ಕು,” ಎಂದಳು. “ಮೂರನೇದು ಬಂದ್ರೆ ಹೇಳಿ. ಆ ಮನುಷ್ಯ ತಿಂಡಿ ಮಾಡ್ತ್ನ ನೋಡನ.”